ಕಣ್ಣಿಗೊಂದು ಚುಕ್ಕಿ

ಬಂಗಾರಪೇಟೆಯಲ್ಲಿ ಪಾನಿಪುರಿ ತಿನ್ನುತ್ತ ನಿಂತಿದ್ದೆವು. ಚಿತ್ರಕಾರ ಮಿತ್ರರೊಬ್ಬರು ನನ್ನ ಮೊಬೈಲಿನಲ್ಲಿದ್ದ ಹೊಸ ಭಾವಚಿತ್ರ ನೋಡಿ, ಬಾಯಲ್ಲಿ ಪುರಿ ಇರುವಾಗಲೇ ತೀರ್ಪು ಕೊಟ್ಟರು: "ಕಣ್ಣಿಗೆ ಒಂದೊಂದು ಬಿಳಿ ಚುಕ್ಕಿ ಇಡಿ ಸಾರ್, ಜೀವ ಬರುತ್ತೆ." ಈ ಊರಿನ ಪಾನಿಗೆ ಬಣ್ಣವೇ ಇಲ್ಲ, ನೋಡಿದರೆ ಬರೀ ನೀರು, ಕುಡಿದರೆ ನೆತ್ತಿಗೇರುವ ಖಾರ. ಅದನ್ನು ಕುಡಿದೂ ಈ ಮಾತೇ?

ಆ ಚುಕ್ಕಿಗೂ ನನಗೂ ಹಳೆಯ ಹಗೆ. ಶಿಲ್ಪಿಗಳು ಕಣ್ಣು ತೆರೆಸುವ ನೇತ್ರೋನ್ಮೀಲನ ಮಾಡುವುದು ದೇವರಿಗೆ. ದೇವರು ಭಕ್ತರನ್ನು ನೋಡಲೇಬೇಕು. ನನ್ನ ಚಿತ್ರದ ಹುಡುಗ ಯಾರನ್ನೂ ನೋಡುತ್ತಿಲ್ಲ. ಕೆಜಿಎಫ್‌ನ ಚಾಂಪಿಯನ್ ರೀಫ್‌ನ ಗಣಿ ಕಾರ್ಮಿಕರ ಲೈನ್ ಮನೆಯ ಹೊಸ್ತಿಲಲ್ಲಿ ಕೂತು ಅಪ್ಪನ ಶಿಫ್ಟ್ ಮುಗಿಯಲೆಂದು ಕಾಯುತ್ತಿದ್ದಾನೆ. ಅಲ್ಲಿನ ಚಿನ್ನದ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಒಳಗೆ ಬಂಡೆ ಸಿಡಿದರೆ ಮೇಲೆ ನಮ್ಮ ಅಡುಗೆಮನೆಯ ಪಾತ್ರೆಗಳು ಗಡಗಡ ಅನ್ನುತ್ತಿದ್ದವು, ಬೀದಿಯ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಅಳುತ್ತಿರಲಿಲ್ಲ. ಆ ಕಣ್ಣುಗಳಿಗೆ ಹೊಳಪು ಎಲ್ಲಿಂದ ತರಲಿ?

ಇಂಥ ಹೊಳಪು ಬೇಡದ ಚಿತ್ರಕಾರರೂ ಇದ್ದರು. ಯೂಸುಫ್ ಅರಕ್ಕಲ್ (1945–2016) ಬಾಲ್ಯದಲ್ಲೇ ತಂದೆತಾಯಿಯನ್ನು ಕಳೆದುಕೊಂಡು, ಕೇರಳದ ಚಾವಕ್ಕಾಡಿನಿಂದ ಬೆಂಗಳೂರಿಗೆ ಬಂದು, ಎಚ್‌ಎಎಲ್‌ನಲ್ಲಿ ದುಡಿಯುತ್ತ ಚಿತ್ರ ಬರೆದವರು. ಅವರ ಒಂಟಿ ಮನುಷ್ಯರ ಮುಖ ಎಷ್ಟೋ ಸಲ ಅರ್ಧ ಕತ್ತಲೆಯಲ್ಲೇ ಉಳಿದಿರುತ್ತದೆ. ಗಾಳಿಪಟ ಹಿಡಿದ ಮಗುವನ್ನು ಬರೆದಾಗಲೂ ಅವರು ನಮ್ಮಿಂದ ಅಯ್ಯೋ ಪಾಪ ಅನ್ನಿಸಿಕೊಳ್ಳಲು ಹೋಗಲಿಲ್ಲ. ಒಂಟಿತನ ಇರುವುದು ಸುತ್ತ ಬಿಟ್ಟ ಜಾಗದಲ್ಲಿ.

ಆ ಜಾಗಕ್ಕೆ ನಾನು ಹಚ್ಚುವುದು ನಮ್ಮೂರ ಬೂದು. ಅಂಗಡಿಯ ಟ್ಯೂಬಿನ ಬೂದು ಬೇಡ, ಅದು ಸತ್ತ ಬಣ್ಣ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಬೆರೆಸಬೇಕು, ಧಾರಾಳವಾಗಿ ಬಿಳಿ, ಕುಂಚದ ತುದಿಯಷ್ಟು ಯೆಲ್ಲೋ ಓಕರ್. ಹಚ್ಚಿದ್ದು ಅರೆಬರೆ ಒಣಗಿದಾಗ ಹಳೇ ಪಂಚೆಯ ತುಂಡಿನಿಂದ ಉಜ್ಜಬೇಕು. ಮೊದಲೇ ಬಳಿದಿದ್ದ ಕೆಳಗಿನ ಕಂದು ಅಲ್ಲಲ್ಲಿ ಇಣುಕುತ್ತದೆ. ಆಗ ಸೈನೈಡ್ ದಿಬ್ಬದ ಬಣ್ಣ ಸಿಕ್ಕಿತೆಂದು ಲೆಕ್ಕ. ಅದಿರನ್ನು ಪುಡಿಮಾಡಿ ಸೈನೈಡಿನಿಂದ ಚಿನ್ನ ತೆಗೆದುಕೊಂಡ ಮೇಲೆ ಉಳಿದ ಮಣ್ಣಿನ ಗುಡ್ಡೆಗಳವು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ದಿಬ್ಬಗಳು ಎಲ್ಲಿಗೂ ಹೋಗಲಿಲ್ಲ. ಬೆಳಿಗ್ಗೆ ನೀಲಿ ಛಾಯೆ, ನಡುಮಧ್ಯಾಹ್ನ ಕಣ್ಣು ಕುಕ್ಕುವ ಬಿಳುಪು. ಗಾಳಿ ಎದ್ದರೆ ಆ ಧೂಳು ಮನೆಯೊಳಗೂ ನುಗ್ಗುತ್ತದೆ, ಒಣಹಾಕಿದ ಸೀರೆಯ ಮೇಲೂ ಕೂರುತ್ತದೆ.

2018ರ 'ಕೆಜಿಎಫ್' ಸಿನಿಮಾ ನಮ್ಮೂರಿಗೆ ಮಸಿ ಬಳಿದು ಹೋಯಿತು. ಚಿತ್ರೀಕರಣ ಮಾಡಿದ್ದು ಇದೇ ದಿಬ್ಬಗಳ ಮೇಲೆ, ತೆರೆಯ ಮೇಲೆ ನೋಡಿದರೆ ಇದ್ದಿಲು! ಈಗ ಬೆಂಗಳೂರಿಂದ ಬಂದವರು ದಿಬ್ಬದ ಬುಡದಲ್ಲಿ ನಿಂತು ನನ್ನನ್ನೇ ಕೇಳುತ್ತಾರೆ: "ಕಪ್ಪಗಿರೋದು ಯಾವ ಕಡೆ ಬರುತ್ತೆ ಸಾರ್?"