ಹೇಳದೆ ಬರುವವರು

ನವೆಂಬರ್ 3, 2024, ಭಾನುವಾರ. ಬ್ರಿಸ್ಟಲ್

ಹಬ್ಬ ಮುಗಿಸಿಕೊಂಡು ಅರಸೀಕೆರೆಯಿಂದ ಚಿಕ್ಕಮ್ಮ ಫೋನ್ ಮಾಡಿದ್ದಳು. ಮಳೆ, ಕೊಬ್ಬರಿ ರೇಟು, ಯಾರ ಮನೆಯಲ್ಲಿ ಮದುವೆ ಎಲ್ಲ ಆದ ಮೇಲೆ ತನ್ನ ಮಗನ, ಅಂದರೆ ನನ್ನ ತಮ್ಮನ ವಿಷಯಕ್ಕೆ ಬಂದಳು. ಅವನಿಗೀಗ ಮೂವತ್ತನಾಲ್ಕು. ಇದು ಆಟಿಸಂ ಎಂದು ಡಾಕ್ಟರು ಹೆಸರಿಟ್ಟು ಹೇಳುವ ಹೊತ್ತಿಗೆ ಹನ್ನೆರಡು ತುಂಬಿತ್ತು. ಆಡುವುದು ನಾಲ್ಕೈದು ಮಾತು. ಬಚ್ಚಲಲ್ಲಿ ಅವನು ಹಟ ಹಿಡಿದು ನಿಂತರೆ ಮಂಡಿನೋವಿನ ಚಿಕ್ಕಮ್ಮನ ಕೈಲಿ ಏನೂ ಆಗುವುದಿಲ್ಲ.

"ನಾನು ಕಣ್ಮುಚ್ಚಿದ ಮೇಲೆ ಇವನಿಗೆ ಯಾರೇ?" ಎಂದಳು. ಈ ಮಕ್ಕಳ ತಾಯಂದಿರೆಲ್ಲ ಕೇಳುವ ಪ್ರಶ್ನೆ.

ಬೆಂಗಳೂರಿನ ಹೊರಗೆ ಒಂದು ವಸತಿ ಕೇಂದ್ರವಿದೆಯಂತೆ. ಫೋಟೋ ಕಳಿಸಿದಳು: ಹೊಳೆಯುವ ಟೈಲ್ಸ್, ಯೋಗದ ಹಾಲ್, ಮೂಲೆಮೂಲೆಗೂ ಸಿಸಿಟಿವಿ. "ಮೊದಲ ಮೂರು ತಿಂಗಳು ನೋಡೋಕೆ ಬರಬೇಡಿ, ಹೊಂದ್ಕೊಳ್ಳಲಿ ಅಂದ್ರು. ಆಮೇಲೆ ತಿಂಗಳಿಗೊಂದ್ಸಲ, ಫೋನ್ ಮಾಡಿ ಬರಬೇಕಂತೆ. ನೀನೂ ಇಂಥದೇ ಕಡೆ ಕೆಲಸ ಮಾಡ್ತೀಯಲ್ಲ, ಹೇಗಿರುತ್ತೆ ಹೇಳು."

ಫೋಟೋಗಳು ಚೆನ್ನಾಗಿವೆ. ಆ ಮೂರು ತಿಂಗಳ ಮಾತು ಮಾತ್ರ ಎದೆಯಲ್ಲಿ ಕೂತುಬಿಟ್ಟಿದೆ. ಯೋಚಿಸಿ ಹೇಳುತ್ತೇನೆ ಎಂದೆ.

ನವೆಂಬರ್ 5, ಮಂಗಳವಾರ

ಇವತ್ತು ಬಾನ್‌ಫೈರ್ ನೈಟ್. 1605ರಲ್ಲಿ ಪಾರ್ಲಿಮೆಂಟನ್ನು ಸ್ಫೋಟಿಸುವ ಸಂಚು ಸಿಕ್ಕಿಬಿದ್ದ ನೆನಪಿಗೆ ಊರೆಲ್ಲ ಪಟಾಕಿ ಹೊಡೆಯುತ್ತದೆ. ನಾನು ಕೆಲಸ ಮಾಡುವ ಆರೈಕೆ ಹೋಮಿನ ಆರು ನಿವಾಸಿಗಳಲ್ಲಿ ಟಿ.ಗೆ ಇದು ವರ್ಷದ ಅತಿ ಕಷ್ಟದ ವಾರ.

ಇಲ್ಲಿಗೆ ಬರುವ ಮೊದಲು ಅವನು ಊರಿನಿಂದ ಬಹುದೂರದ ಒಂದು ಮಾನಸಿಕ ಆಸ್ಪತ್ರೆಯಲ್ಲಿದ್ದ. ಅಲ್ಲಿನ ಫೈಲ್‌ನಲ್ಲಿ "ಕಾರಣವಿಲ್ಲದೆ ಆಕ್ರಮಣ, ಹಿಡಿದು ಮಲಗಿಸಿ ಇಂಜೆಕ್ಷನ್" ಎಂಬ ಸಾಲು ಮತ್ತೆ ಮತ್ತೆ ಬರುತ್ತದೆ. ಅದರಲ್ಲಿ ಬಹುಪಾಲು ನವೆಂಬರ್ ಮೊದಲ ವಾರದ್ದು. ಪಕ್ಕದಲ್ಲೇ ಬರೆದಿದ್ದ ತಾರೀಖನ್ನು ಅಲ್ಲಿ ಯಾರೂ ಗಮನಿಸಿರಲಿಲ್ಲ. ಗಮನಿಸಿದ್ದು ನಮ್ಮ ಹಿರಿಯ ಸಹೋದ್ಯೋಗಿ, ಹತ್ತು ವರ್ಷಕ್ಕೂ ಮೇಲ್ಪಟ್ಟು ಇದೇ ಮನೆಯಲ್ಲಿರುವಾಕೆ. ಟಿ.ಗೆ ಬಟ್ಟೆ ಒಣಗಿಸುವ ಡ್ರೈಯರ್‌ನ ಗುಂಯ್‌ ಸದ್ದು ಇಷ್ಟ ಎಂದು ಕಂಡುಹಿಡಿದದ್ದೂ ಆಕೆಯೇ.

ಸಂಜೆ ಆರಕ್ಕೆಲ್ಲ ನಾನೂ ಟಿ.ಯೂ ಬಟ್ಟೆ ಒಗೆಯುವ ಕೋಣೆಯಲ್ಲಿ ನೆಲದ ಮೇಲೆ ಕೂತೆವು. ಮನೆಯ ಟವಲ್ಲುಗಳನ್ನೆಲ್ಲ ಒದ್ದೆ ಮಾಡಿ ಡ್ರೈಯರಿಗೆ ತುಂಬಿದ್ದೆವು. ಟಿ. ಕಿವಿಗೆ ಹೆಡ್‌ಫೋನ್ ಹಾಕಿ, ಮೆಷಿನ್‌ನ ಬೆಚ್ಚನೆಯ ಬಾಗಿಲಿಗೆ ಬೆನ್ನು ಕೊಟ್ಟ. ಹೊರಗೆ ದೊಡ್ಡ ಸದ್ದಾದಾಗ ಮಣಿಕಟ್ಟನ್ನು ಬಾಯಿಗೆ ತಂದ. ನಾನು ಒಂದು ಬಿಸಿ ಟವಲ್ ಕೊಟ್ಟೆ, ಅದನ್ನೇ ಕಚ್ಚಿ ಹಿಡಿದ. ಗಾಯವಿಲ್ಲ, ಇಂಜೆಕ್ಷನ್ ಇಲ್ಲ. ಹತ್ತೂವರೆಗೆ ತಾನೇ ಎದ್ದು ಹೋಗಿ ಮಲಗಿದ.

ಒಳ್ಳೆಯ ಆರೈಕೆಗೆ ಬೇಕಾದ್ದು ಇದು: ಒಬ್ಬರನ್ನು ಅರಿಯುವಷ್ಟು ಕಾಲ ಅಲ್ಲೇ ಉಳಿಯುವ ಕೆಲಸದವರು.

ನವೆಂಬರ್ 7, ಗುರುವಾರ

ನಿನ್ನೆ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಹೊಸ ಮಾನಸಿಕ ಆರೋಗ್ಯ ಮಸೂದೆ ಮಂಡನೆಯಾಗಿದೆ. ಬೇರೆ ಮಾನಸಿಕ ಕಾಯಿಲೆ ಇಲ್ಲದೆ, ಆಟಿಸಂ ಅಥವಾ ಬೌದ್ಧಿಕ ಅಂಗವೈಕಲ್ಯವೊಂದನ್ನೇ ಕಾರಣ ಮಾಡಿ ಚಿಕಿತ್ಸೆಯ ಹೆಸರಿನಲ್ಲಿ ಯಾರನ್ನೂ ದೀರ್ಘಕಾಲ ಕೂಡಿಹಾಕಬಾರದು ಎಂಬುದು ಅದರ ಒಂದು ಉದ್ದೇಶ. ಇಂಗ್ಲೆಂಡಿನಲ್ಲಿ ಇವತ್ತಿಗೂ ಆಟಿಸಂ ಅಥವಾ ಬೌದ್ಧಿಕ ಅಂಗವೈಕಲ್ಯ ಇರುವ ಸುಮಾರು ಎರಡು ಸಾವಿರ ಜನ ಮಾನಸಿಕ ಆಸ್ಪತ್ರೆಗಳಲ್ಲಿದ್ದಾರೆ.

ಟೀ ವಿರಾಮದಲ್ಲಿ ಎಲ್ಲರ ಬಾಯಲ್ಲೂ ವಿಂಟರ್‌ಬೋರ್ನ್ ವ್ಯೂ. ಇಲ್ಲೇ ಬ್ರಿಸ್ಟಲ್ ಅಂಚಿನ ಹ್ಯಾಂಬ್ರೂಕ್‌ನಲ್ಲಿದ್ದ ಇಂಥವರ ಖಾಸಗಿ ಆಸ್ಪತ್ರೆ. ಒಬ್ಬರಿಗೆ ವಾರಕ್ಕೆ ಸರಾಸರಿ 3,500 ಪೌಂಡ್ ಶುಲ್ಕ. ಹಿರಿಯ ನರ್ಸ್ ಟೆರ್ರಿ ಬ್ರಯಾನ್ ಮೇಲಿನವರಿಗೆ ದೂರು ಕೊಟ್ಟರು, ಸರ್ಕಾರಿ ತಪಾಸಣಾ ಸಂಸ್ಥೆಯಾದ ಸಿಕ್ಯೂಸಿಗೂ ತಿಳಿಸಿದರು. ಯಾರೂ ಕಿವಿಗೊಡಲಿಲ್ಲ. ಕಡೆಗೆ ಬಿಬಿಸಿಯ ಪನೋರಮಾ ವರದಿಗಾರನೊಬ್ಬ ಅಲ್ಲೇ ಕೆಲಸಕ್ಕೆ ಸೇರಿ, ಗುಪ್ತ ಕ್ಯಾಮೆರಾದಲ್ಲಿ ಚಿತ್ರೀಕರಿಸಿದ. ಹೊಡೆಯುವುದು, ಕೂದಲು ಹಿಡಿದು ಎಳೆಯುವುದು, ಬಟ್ಟೆ ಸಮೇತ ಶವರ್ ಕೆಳಗೆ ನೂಕುವುದು. 2011ರ ಮೇ 31ರಂದು ದೇಶವೆಲ್ಲ ಅದನ್ನು ನೋಡಿತು. ಹನ್ನೊಂದು ಜನರಿಗೆ ಶಿಕ್ಷೆಯಾಯಿತು. ಆರು ಜನ ಜೈಲಿಗೆ ಹೋದರು. 2014ರ ಜೂನ್ ಹೊತ್ತಿಗೆ ಇಂಥ ಆಸ್ಪತ್ರೆಗಳಲ್ಲಿ ವಿನಾಕಾರಣ ಉಳಿದವರನ್ನೆಲ್ಲ ಊರಿನ ಹತ್ತಿರ ತರುತ್ತೇವೆಂದು ಸರ್ಕಾರ ಮಾತು ಕೊಟ್ಟಿತು. ಆ ಮಾತು ಉಳಿಯಲಿಲ್ಲ.

ನನ್ನ ನಿದ್ದೆ ಕೆಡಿಸುವುದು ಇನ್ನೊಂದು ಸಂಗತಿ. ನೋಡಲು ಬಂದ ಅಪ್ಪ ಅಮ್ಮಂದಿರನ್ನು ವಿಂಟರ್‌ಬೋರ್ನ್ ವ್ಯೂನಲ್ಲಿ ಮೇಲಿನ ಮಹಡಿಗೆ, ಮಕ್ಕಳ ಕೋಣೆಗೆ ಬಿಡುತ್ತಿರಲಿಲ್ಲ. ಕೆಳಗಿನ ಕೋಣೆಯಲ್ಲೇ ಕೂತು ಮಾತಾಡಿಸಿ ಹೋಗಬೇಕಿತ್ತು.

2019ರಲ್ಲಿ ಡರ್ಹಮ್ ಕೌಂಟಿಯ ಇನ್ನೊಂದು ಆಸ್ಪತ್ರೆಯಾದ ವೋರ್ಲ್‌ಟನ್ ಹಾಲ್‌ನಲ್ಲೂ ಇಂಥದೇ ಕ್ರೌರ್ಯ ಕ್ಯಾಮೆರಾಕ್ಕೆ ಸಿಕ್ಕಿತು. ತಪಾಸಣೆಯವರು ಅದಕ್ಕೆ ಅದಾಗಲೇ "ಗುಡ್" ಎಂಬ ದರ್ಜೆ ಕೊಟ್ಟಿದ್ದರು. ತಪಾಸಣೆ ಬೇಡವೆಂದಲ್ಲ, ಖಂಡಿತ ಬೇಕು. ಆದರೆ ಮಾತು ಬಾರದವರ ಪರವಾಗಿ ದಿನಾ ನೋಡುವ ಕಣ್ಣುಗಳಿಲ್ಲದಿದ್ದರೆ ಯಾವ ದರ್ಜೆಯೂ ಅವರನ್ನು ಕಾಯುವುದಿಲ್ಲ.

ನವೆಂಬರ್ 10, ಭಾನುವಾರ

ಟಿ.ಯ ತಾಯಿ ಬಂದಿದ್ದರು, ಎಂದಿನಂತೆ ಹೇಳದೆ. ಎಂಬತ್ತರ ಹತ್ತಿರ ವಯಸ್ಸು, ಎರಡು ಬಸ್ ಬದಲಿಸಿ ಬರುತ್ತಾರೆ. ಸೀದಾ ಮಗನ ಕೋಣೆಗೆ ಹೋಗಿ ಬೀರು ತೆಗೆದರು. "ಈ ಸ್ವೆಟರ್ ಇವನದಲ್ಲ." ನಿಜ, ಪಕ್ಕದ ಕೋಣೆಯವರದು. ಆಮೇಲೆ ಕಾಲಿನ ಉಗುರು ನೋಡಿದರು, ಔಷಧಿ ಚಾರ್ಟ್ ಕೇಳಿದರು, ಪ್ರತಿ ಮಾತ್ರೆಗೂ "ಇದು ಯಾವ ಕಾಯಿಲೆಗೆ?" ಎಂದರು.

ಹೊಸದಾಗಿ ಬಂದ ಹುಡುಗಿಗೆ ಕಿರಿಕಿರಿಯಾಯಿತು. ನನಗೆ ಗೌರವ ಹೆಚ್ಚಿತು. ಕಾಯಿಲೆಯೇ ಇಲ್ಲದಿದ್ದರೂ ಬರೀ ಸುಮ್ಮನಿರಿಸಲು ಮಾನಸಿಕ ರೋಗದ ಮಾತ್ರೆ ಕೊಡುವ ಚಾಳಿ ನಿಲ್ಲಿಸಬೇಕೆಂದು ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ 2016ರಲ್ಲಿ "ಸ್ಟಾಂಪ್" (STOMP) ಎಂಬ ಅಭಿಯಾನವನ್ನೇ ಶುರು ಮಾಡಬೇಕಾಯಿತು. ಈ ತಾಯಿ ಅದಕ್ಕೂ ಎಷ್ಟೋ ವರ್ಷ ಮೊದಲಿಂದ ಆ ಪ್ರಶ್ನೆ ಕೇಳುತ್ತ ಬಂದವರು. ಹೋಗುವಾಗ ಕೈ ಹಿಡಿದು, "ನಾನು ಕೇಳುವುದನ್ನು ನಿಲ್ಲಿಸಿದ ಮೇಲೆ ನೀವು ಕೇಳಬೇಕು" ಎಂದರು. ಕೇಳುತ್ತೇನೆ ಎಂದು ಮಾತು ಕೊಟ್ಟೆ.

ನವೆಂಬರ್ 12, ಮಂಗಳವಾರ

ಇವತ್ತು ರಜೆ. ಚಿಕ್ಕಮ್ಮನಿಗೆ ಫೋನ್ ಮಾಡಿ, ಹೇಳಬೇಕಾದ್ದನ್ನೆಲ್ಲ ಪಕ್ಕದ ಮನೆಯ ಹುಡುಗನ ಕೈಲಿ ಬರೆಸಿಕೊಳ್ಳಲು ಹೇಳಿದೆ.

ಟೈಲ್ಸ್ ನೋಡಬೇಡ. ಸಂಜೆ ಊಟದ ಹೊತ್ತಿಗೆ, ಹೇಳದೆ ಹೋಗು. ತಟ್ಟೆಯಲ್ಲಿ ಏನಿದೆ, ಯಾರು ಹೇಗೆ ತಿನ್ನಿಸುತ್ತಿದ್ದಾರೆ ನೋಡು. ಬಚ್ಚಲಿಗೆ ಬಾಗಿಲು, ಚಿಲಕ ಇದೆಯೇ? ಉಟ್ಟ ಬಟ್ಟೆ ಅವರವರದೇ ತಾನೇ? ರಾತ್ರಿ ಎಷ್ಟು ಜನರಿಗೆ ಒಬ್ಬ ಕೆಲಸದವ? ಅವನು ಬಂದು ಎಷ್ಟು ದಿನವಾಯಿತು? ಯಾರನ್ನಾದರೂ ಕಟ್ಟಿಹಾಕುತ್ತಾರಾ, ಕೂಡಿಹಾಕುತ್ತಾರಾ ಎಂದು ನೇರವಾಗಿ ಕೇಳು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಂತೆ ನೋಂದಣಿ ಇಲ್ಲದೆ ಇಂಥ ಸಂಸ್ಥೆ ನಡೆಸುವಂತಿಲ್ಲ, ಪ್ರಮಾಣಪತ್ರ ತೋರಿಸಲಿ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ, ತಮ್ಮನಿಗೆ ಕಾನೂನುಬದ್ಧ ಪೋಷಕರನ್ನು ಈಗಲೇ ಗೊತ್ತು ಮಾಡೋಣ. ನನ್ನ ತಂಗಿ ಹಾಸನದಲ್ಲೇ ಇದ್ದಾಳೆ, ಒಪ್ಪಿದ್ದಾಳೆ. ಅದೇ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ಒಂದು ಲಕ್ಷದವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ.

"ಆ ಮೂರು ತಿಂಗಳ ಷರತ್ತಿಗೆ ಮಾತ್ರ ಸಹಿ ಹಾಕಬೇಡ ಚಿಕ್ಕಮ್ಮ. ಅವನು ಹೊಂದಿಕೊಳ್ಳೋದಕ್ಕೆ ನಿನ್ನ ಮುಖ ಬೇಕು."

"ಅವರು ಬೇಡ ಅಂದ್ರೆ?"

"ನಮಗೂ ಅವರು ಬೇಡ."

ಸ್ವಲ್ಪ ಹೊತ್ತು ಸುಮ್ಮನಿದ್ದವಳು, "ಹಂಗಾದ್ರೆ ಹಾಸನದ ಹತ್ರಾನೇ ಸಣ್ಣದು ಹುಡುಕೋಣ ಬಿಡು. ಬಸ್ಸಲ್ಲಿ ನಾನೇ ಹೋಗಿಬರೋ ಹಂಗಿರಲಿ" ಎಂದಳು. ಜನವರಿಯ ರಜಕ್ಕೆ ಅರ್ಜಿ ಹಾಕಿದ್ದೇನೆ. ಅವಳ ಜೊತೆ ಪ್ರತಿ ಬಾಗಿಲಿಗೂ ನಾನು ಹೋಗುತ್ತೇನೆ. ತಮ್ಮನನ್ನೂ ಕರೆದುಕೊಂಡೇ ಹೋಗಬೇಕು. ಇರಬೇಕಾದವನು ಅವನು, ಮೊದಲು ಅವನು ನೋಡಲಿ.