ಅರ್ಧ ಬೇಟೆ ಅಂಗಡಿಯಲ್ಲೇ

ಮಲ್ಪೆಯಲ್ಲಾಗಲಿ ಮಂಗಳೂರಿನ ದಕ್ಕೆಯಲ್ಲಾಗಲಿ ಬೆಳ್ಳಂಬೆಳಿಗ್ಗೆ ಹೋಗಿ ನಿಂತರೆ ಬಂಗುಡೆ, ಕಾಣೆ, ಕೊಡ್ಡಾಯಿ, ಅಂಜಲ್ ಎಲ್ಲವೂ ಬುಟ್ಟಿಗಳಲ್ಲಿ ಹೊಳೆಯುತ್ತಿರುತ್ತವೆ. ಚೌಕಾಸಿಗೆ ಬಾಯಿ ಗಟ್ಟಿ ಇದ್ದರೆ ಹತ್ತು ನಿಮಿಷದಲ್ಲಿ ಮಧ್ಯಾಹ್ನದ ಸಾರಿನ ಚಿಂತೆ ಮುಗಿಯಿತು. ಅದೇ ಊರುಗಳಲ್ಲಿ ಇನ್ನೊಂದು ಬಗೆಯ ಜನ ಇದ್ದಾರೆ. ಇವರು ಭಾನುವಾರ ನಸುಕಿಗೇ ಎದ್ದು, ಬುಟ್ಟಿಯ ಮೀನಿಗಿಂತ ಎಷ್ಟೋ ಪಟ್ಟು ಬೆಲೆಯ ಸಾಮಾನನ್ನು ಹೆಗಲಿಗೇರಿಸಿ, ಅಳಿವೆಯ ಕಲ್ಲುದಂಡೆಯ ಮೇಲೆ ಬಿಸಿಲಿಗೆ ಮೈಯೊಡ್ಡಿ ನಿಲ್ಲುತ್ತಾರೆ. ಹೆಚ್ಚಿನ ಸಲ ಬರಿಗೈಯಲ್ಲಿ ಹೊರಟು, ದಾರಿಯಲ್ಲಿ ಅದೇ ದಕ್ಕೆಗೆ ನುಗ್ಗಿ ಮೀನು ಕೊಂಡು ಮನೆ ಸೇರುತ್ತಾರೆ. ಇದನ್ನು ಹುಚ್ಚು ಅನ್ನುವವರೊಂದಿಗೆ ನನಗೆ ಜಗಳವಿಲ್ಲ. ಆದರೆ ಅವರು ಹುಚ್ಚಿನ ಪರಮಾವಧಿ ಎಂದು ಬೆರಳು ತೋರಿಸುವುದು ಶನಿವಾರ ಸಂಜೆಯ ಕಡೆಗೆ. ಆ ಸಂಜೆ ನಾಲ್ವರು ಗೆಳೆಯರು ಗಾಳದಂಗಡಿಯಲ್ಲಿ ಗಂಟೆಗಟ್ಟಲೆ ನಿಂತು, ರೀಲುಗಳ ಹಿಡಿಕೆ ತಿರುಗಿಸಿ ತಿರುಗಿಸಿ ನೋಡಿ, ಕೊನೆಗೆ ಒಂದೇ ಒಂದು ಪೊಟ್ಟಣ ಗಾಳ ಕೊಂಡು ಹೊರಬರುತ್ತಾರೆ. ಭಾನುವಾರವನ್ನಾದರೂ ಗಾಳಿ ಸೇವನೆ ಎಂದು ಕ್ಷಮಿಸಬಹುದಂತೆ, ಶನಿವಾರವನ್ನು ಕ್ಷಮಿಸಲಾಗದಂತೆ. ನನ್ನ ವಾದ ಇದಕ್ಕೆ ಪೂರಾ ಉಲ್ಟಾ. ಈ ಹವ್ಯಾಸದ ತಿರುಳು ಇರುವುದೇ ಶನಿವಾರ ಸಂಜೆಯಲ್ಲಿ. ಭಾನುವಾರ ಅದರ ಪರೀಕ್ಷೆ, ಅಷ್ಟೆ.

ಕಾಡಿನ ಬೇಟೆಯಲ್ಲಿ ಹೆಜ್ಜೆಗುರುತಾದರೂ ಸಿಗುತ್ತದೆ. ನೀರು ಹೆಜ್ಜೆ ಉಳಿಸಿಕೊಳ್ಳುವುದಿಲ್ಲ. ಬಲೆ ಬೀಸುವವರು ಒಂದಷ್ಟು ಅಗಲದ ನೀರನ್ನು ಒಟ್ಟಿಗೆ ಬಾಚಿ ಈ ಕುರುಡುತನದಿಂದ ಪಾರಾಗುತ್ತಾರೆ. ಗಾಳ ಹಾಕುವವನ ಪಾಲಿಗೆ ಬರುವುದು ಅಂಗುಲದಷ್ಟು ಜಾಗ. ಇಷ್ಟು ಹೊತ್ತಿಗೆ, ಇಷ್ಟು ಆಳದಲ್ಲಿ, ಇಂಥ ಮೀನು ಇಂಥ ತಿನಿಸಿಗೆ ಬಾಯಿ ಹಾಕೀತು ಎಂದು ಅವನು ಮೊದಲೇ ಊಹಿಸಬೇಕು. ಊಹೆಗೆ ಆಧಾರಗಳಿಲ್ಲದೆ ಇಲ್ಲ. ನೇತ್ರಾವತಿ, ಗುರುಪುರ ಹೊಳೆಗಳು ಕೂಡಿ ಸಮುದ್ರ ಸೇರುವ ಬೆಂಗ್ರೆಯ ಅಳಿವೆಬಾಗಿಲನ್ನೇ ತೆಗೆದುಕೊಳ್ಳಿ. ಭರತ ಮುಗಿದು ಇಳಿತ ಶುರುವಾದಾಗ ಹೊಳೆಯೊಳಗಿನ ಸಿಗಡಿ, ಮರಿಮೀನುಗಳು ನೀರಿನ ಜೊತೆ ಹೊರಬೀಳುತ್ತವೆ. ಸೆಳವು ದಂಡೆಯ ತುದಿಗಲ್ಲುಗಳನ್ನು ಬಳಸಿ ಹೋಗುವಾಗ ಅವುಗಳ ಮರೆಯಲ್ಲಿ ಒಂದು ಸುಳಿ, ಸುಳಿಯ ಅಂಚಿಗೆ ಓಟ ಕಳೆದುಕೊಂಡ ನೀರಿನ ಒಂದು ಪಟ್ಟಿ ಹುಟ್ಟುತ್ತದೆ. ಕೆಂಬೇರಿ, ಕೊಕ್ಕರ್‌ನಂಥ ಬೇಟೆಗಾರ ಮೀನು ಸೆಳವಿನಲ್ಲಿ ಈಜಿ ಸುಮ್ಮನೆ ದಣಿಯುವುದಿಲ್ಲ; ಆ ಪಟ್ಟಿಯಲ್ಲಿ ನಿಂತು, ಪಕ್ಕದಲ್ಲಿ ಹರಿದುಹೋಗುವ ಊಟದ ಮೇಲೆ ಕಣ್ಣಿಟ್ಟಿರುತ್ತದೆ. ಮುರು ಮೀನು ಕಲ್ಲಿನ ಸಂದಿಯಿಂದ ದೂರ ಬರುವುದಿಲ್ಲ. ಕಾಣೆಗೆ ಕಲ್ಲು ಬೇಡ, ಮರಳು ಬೇಕು. ಉಬ್ಬರ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತದೆ, ಹಾಗಾಗಿ ಕಳೆದ ಭಾನುವಾರದ ಏಳು ಗಂಟೆಯ ಪಾಠ ಈ ಭಾನುವಾರದ ಏಳು ಗಂಟೆಗೆ ಉಪಯೋಗಕ್ಕೆ ಬರುವುದಿಲ್ಲ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಸೆಳವು ಜೋರು, ಅಷ್ಟಮಿಯ ಆಸುಪಾಸು ಮಂದ. ಇವೆಲ್ಲ ತಲೆಯಲ್ಲಿ ಇರುವವರೆಗೆ ಎಲ್ಲರೂ ಜಾಣರೇ. ಇದಕ್ಕೆ ಗ್ರಾಂ, ಮಿಲಿಮೀಟರು, ನಂಬರು ಕೊಡಿ ಎಂದು ಪಟ್ಟು ಹಿಡಿಯುವುದು ಅಂಗಡಿಯ ಗಾಜಿನ ಕಪಾಟು. ಜೋರು ಸೆಳವಿಗೆ ಎಷ್ಟು ತೂಕದ ಸೀಸದ ಗುಂಡು ತಳದಲ್ಲಿ ನಿಂತೀತು? ಕಲ್ಲಿಗೆ ಉಜ್ಜುವ ಜಾಗಕ್ಕೆ ಎಷ್ಟು ದಪ್ಪದ ದಾರ? ಉತ್ತರ ಹೇಳದೆ ದುಡ್ಡು ಕೊಡುವಂತಿಲ್ಲ.

ಆ ಕಪಾಟಿನ ಮುಂದೆ ಸ್ವಲ್ಪ ಹೊತ್ತು ನಿಲ್ಲೋಣ. ಗಾಳದ ನಂಬರುಗಳದೇ ಒಂದು ತಮಾಷೆ. ಹತ್ತಕ್ಕಿಂತ ಎಂಟನೇ ನಂಬರು ದೊಡ್ಡದು, ಎಂಟಕ್ಕಿಂತ ನಾಲ್ಕು ದೊಡ್ಡದು. ಒಂದಕ್ಕೆ ಬಂದು ಮುಟ್ಟಿದ ಮೇಲೆ ಲೆಕ್ಕ ಮಗುಚಿಕೊಂಡು 1/0, 2/0, 5/0 ಎಂದು ಏರುತ್ತ ಹೋಗುತ್ತದೆ. ಸಾಲದ್ದಕ್ಕೆ ಒಂದು ಕಂಪನಿಯ 2/0 ಇನ್ನೊಂದು ಕಂಪನಿಯ 2/0ಗೆ ಹೊಂದುವುದಿಲ್ಲ. ಹತ್ತೊಂಬತ್ತನೆಯ ಶತಮಾನದಿಂದ ಗಾಳ ಮಾಡುತ್ತಿರುವ ನಾರ್ವೆಯ ಮುಸ್ತಾದ್ ಕಂಪನಿಯ ಪೊಟ್ಟಣವನ್ನೂ ಜಪಾನಿನದೊಂದನ್ನೂ ಅಕ್ಕಪಕ್ಕ ಇಟ್ಟು ನೋಡದೆ ತೀರ್ಮಾನವಾಗುವುದಿಲ್ಲ. ಸರ್ಕಲ್ ಗಾಳವನ್ನು ಬೆರಳಿನಲ್ಲಿ ಹಿಡಿದರೆ, ಅದರ ಮೊನೆ ಹೊರಗೆ ನೋಡದೆ ತನ್ನದೇ ಕಾಂಡದ ಕಡೆಗೆ ಬಾಗಿರುವುದು ಕಾಣುತ್ತದೆ. ಇದು ಯಾವ ಮೀನನ್ನು ಚುಚ್ಚೀತು ಎಂದು ಮೊದಲ ಸಲ ನೋಡಿದವರಿಗೆ ಅನುಮಾನ ಬರುವುದು ಸಹಜ. ಮೀನು ಅದನ್ನು ನುಂಗಿ ತಿರುಗಿದಾಗ ಗಾಳ ಗಂಟಲಿನಿಂದ ಜಾರಿ ಬಂದು ಬಾಯಿಯ ಮೂಲೆಯಲ್ಲಿ ಸುತ್ತಿ ಕೂರುತ್ತದೆ. ಜಗ್ಗಿ ಎಳೆದರೆ ಕೆಲಸ ಕೆಡುತ್ತದೆ, ಸುಮ್ಮನೆ ರೀಲು ಸುತ್ತುತ್ತ ಹೋಗಬೇಕು. ಗಾಳದಿಂದ ದಾರಕ್ಕೆ ಬನ್ನಿ. ಕರಾವಳಿಯ ಹಳೆಯ ಕೈಗಳು ಬಳಸುವ ತಂಗೂಸು ಎಂಬ ನೈಲಾನ್ ದಾರ ಸ್ವಲ್ಪ ಹಿಗ್ಗುತ್ತದೆ, ಮೀನಿನ ಹಠಾತ್ ಎಳೆತವನ್ನು ತಾನೇ ನುಂಗಿಕೊಳ್ಳುತ್ತದೆ. ಹೆಣೆದ ಬ್ರೇಡ್ ದಾರ ಹಿಗ್ಗುವುದೇ ಇಲ್ಲ ಅನ್ನಬಹುದು. ಅಷ್ಟೇ ಬಲಕ್ಕೆ ಎಷ್ಟೋ ತೆಳ್ಳಗಿರುವುದರಿಂದ ದೂರ ಹೋಗಿ ಬೀಳುತ್ತದೆ, ತಳದಲ್ಲಿ ಮೀನು ಮೂಸಿದ್ದೂ ಬೆರಳಿಗೆ ಗೊತ್ತಾಗುತ್ತದೆ. ಆದರೆ ಕಲ್ಲಿನ ಅಂಚಿಗೆ ತಾಗಿದರೆ ಅದರ ಆಯುಷ್ಯ ಮುಗಿಯಿತು. ಆದ್ದರಿಂದ ಬ್ರೇಡ್‌ನ ತುದಿಗೆ ಒಂದೆರಡು ಮಾರು ದಪ್ಪ ತಂಗೂಸು ಗಂಟು ಹಾಕುತ್ತಾರೆ. ಗಂಟು ಬಿಗಿಯುವ ಮೊದಲು ಎಂಜಲಿನಿಂದ ಒದ್ದೆ ಮಾಡಬೇಕು. ಒಣ ದಾರ ಉಜ್ಜಿ ಬಿಸಿಯಾದರೆ ಗಂಟಿನಲ್ಲೇ ಸೋಲುತ್ತದೆ. ರೀಲಿನ ಡ್ರ್ಯಾಗ್ ತಿರುಪನ್ನು ದಾರದ ತಾಕತ್ತಿನ ಕಾಲು ಭಾಗದಿಂದ ಮೂರನೇ ಒಂದು ಭಾಗದ ಒಳಗೆ ನಿಲ್ಲಿಸಬೇಕು. ಅಂದರೆ 20 ಪೌಂಡ್ ತಾಳುವ ದಾರದಲ್ಲಿ ಐದಾರು ಪೌಂಡ್ ಎಳೆತಕ್ಕೇ ರೀಲು ದಾರ ಬಿಟ್ಟುಕೊಡಬೇಕು. ಬಿಗಿ ಹಿಡಿದವರ ದಾರ ಕಡಿಯುತ್ತದೆ. ಅಂದಹಾಗೆ, ಈ ರೀಲುಗಳಲ್ಲಿ ಹೆಸರುವಾಸಿಯಾದ ಶಿಮಾನೋ ಕಂಪನಿ 1921ರಲ್ಲಿ ಶುರುವಾದದ್ದು ಸೈಕಲ್ಲಿನ ಫ್ರೀವೀಲ್ ಮಾಡಲು. ಹಲ್ಲುಗಾಲಿಗಳ ವಿದ್ಯೆಯೇ ಅಲ್ಲಿಂದ ಇಲ್ಲಿಗೂ ಬಂತು.

ಇಷ್ಟನ್ನು ಒಬ್ಬನೇ ಕೂತು ಮೊಬೈಲಿನಲ್ಲಿ ತರಿಸಿಕೊಳ್ಳಬಹುದಲ್ಲ, ಪಟಾಲಂ ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಬೆಲೆಯೂ ಕೆಲವೊಮ್ಮೆ ಕಡಿಮೆ. ಆದರೆ ಊಹೆಗೆ ಎದುರಾಳಿ ಬೇಕು. ತನ್ನ ಊಹೆಯನ್ನು ತಾನೇ ಪ್ರಶ್ನಿಸುವವರು ಅಪರೂಪ. ಗೆಳೆಯನ ಊಹೆಯನ್ನು ಪ್ರಶ್ನಿಸಲು ಎಲ್ಲರೂ ತಯಾರು. ‘ಈ ಕೆಂಪು ಲ್ಯೂರ್ ಇದ್ದರೆ ಸಾಕು ಮಾರಾಯ’ ಎಂದು ಒಬ್ಬ ಹುಸಿಮೀನನ್ನು ಎತ್ತಿಕೊಂಡರೆ, ನೀರಿನ ಆಳ ಹೆಚ್ಚಿದಂತೆ ಮೊದಲು ಮಾಯವಾಗುವ ಬಣ್ಣವೇ ಕೆಂಪು ಎಂದು ಇನ್ನೊಬ್ಬ ಅದನ್ನು ವಾಪಸು ಕೊಕ್ಕೆಗೆ ನೇತುಹಾಕುತ್ತಾನೆ. ಎರಡನೆಯವನು ಹೇಳಿದ್ದು ಭೌತಶಾಸ್ತ್ರ. ಮೊದಲನೆಯವನು, ತಾನು ಎಸೆಯುವುದು ಮೊಣಕಾಲುದ್ದ ನೀರಿಗೆ ಎನ್ನುತ್ತಾನೆ. ಅದೂ ಸರಿಯೇ. ಮೂರನೆಯವನಿಗೆ ಲ್ಯೂರ್ ಮೇಲೆಯೇ ನಂಬಿಕೆಯಿಲ್ಲ, ಬೊಂಡಾಸದ ತುಂಡಿನ ಮುಂದೆ ಪ್ಲಾಸ್ಟಿಕ್ಕಿನ ಆಟ ನಡೆಯದು ಅನ್ನುವುದು ಅವನ ಪಕ್ಷ. ಈ ಹೊತ್ತಿಗೆ ಅಂಗಡಿಯವರೂ ಬಾಯಿ ಹಾಕಿರುತ್ತಾರೆ. ಹೋದ ವಾರ ಯಾವ ದಂಡೆಯಲ್ಲಿ ಏನು ಎದ್ದಿತು ಎಂಬ ಸುದ್ದಿಯ ಠಾಣೆ ಅವರೇ. ಯಾವ ಕಪಾಟಿನ ಸಾಮಾನು ಖಾಲಿಯಾಗಬೇಕು ಎಂಬುದೂ ಅವರಿಗೆ ಗೊತ್ತು, ಆದ್ದರಿಂದ ಸುದ್ದಿಯನ್ನು ಸೋಸಿಕೊಂಡು ಕೇಳಬೇಕು. ಮಾರನೆಯ ದಿನ ನಾಲ್ವರೂ ಅಕ್ಕಪಕ್ಕದ ಕಲ್ಲುಗಳ ಮೇಲೆ ನಿಂತು ನಾಲ್ಕು ಬಗೆಯ ಊಹೆಗಳನ್ನು ಒಂದೇ ನೀರಿಗೆ ಎಸೆಯುತ್ತಾರೆ. ಒಬ್ಬನಿಗೆ ಮೀನು ಕಚ್ಚಿದರೂ ನಾಲ್ವರಿಗೂ ಉತ್ತರ ಸಿಕ್ಕಿತು. ಒಂಟಿಯಾಗಿ ಹೋದವನಿಗೆ ಮೀನು ಸಿಗದಿದ್ದರೆ, ತಪ್ಪಿದ್ದು ಜಾಗವೋ ಹೊತ್ತೋ ಗಾಳವೋ ಎಂದು ತಿಳಿಯುವ ದಾರಿಯೇ ಇಲ್ಲ.

ಈಗ ಆಕ್ಷೇಪಗಳು. ಗಟ್ಟಿಯಾದದ್ದು ಬೆಂಗ್ರೆ, ಮಲ್ಪೆ, ಗಂಗೊಳ್ಳಿಗಳ ದಡದಲ್ಲೇ ಕೂತಿರುತ್ತದೆ: ಖಾಲಿ ಬಾಟಲಿಗೆ ತಂಗೂಸು ಸುತ್ತಿ, ಒಂದು ಗಾಳ, ಒಂದು ಗುಂಡು, ಸಿಗಡಿಯ ತುಂಡು ಇಷ್ಟರಲ್ಲೇ ಮೀನು ಎತ್ತುವ ಹಿರಿಯರು. ಪಕ್ಕದಲ್ಲಿ ಕಾರ್ಬನ್ ರಾಡ್ ಹಿಡಿದವನ ಬುಟ್ಟಿ ಖಾಲಿ. ಹಾಗಾದರೆ ಸಾಮಾನೆಲ್ಲ ದಂಡವಲ್ಲವೇ? ಮೀನಿನ ಲೆಕ್ಕದಲ್ಲಿ ಹೌದು, ಬಹುಪಾಲು ದಂಡವೇ. ಬಣ್ಣಬಣ್ಣದ ಲ್ಯೂರ್‌ಗಳಲ್ಲಿ ಎಷ್ಟೋ ಮೀನಿಗಿಂತ ಮೊದಲು ಮನುಷ್ಯನನ್ನು ಹಿಡಿಯಲು ತಯಾರಾದವು. ಆದರೆ ಬಾಟಲಿಯವರಿಗೆ ಸಾಮಾನು ಕಡಿಮೆ ಸಾಕಾಗುವುದು ಅವರ ಊಹೆ ಪಕ್ಕಾ ಇರುವುದರಿಂದ. ಬಾಲ್ಯದಿಂದ ಅದೇ ಅಳಿವೆ ನೋಡಿದವರಿಗೆ ಸಂಶಯಗಳು ತೀರಿವೆ. ವಾರಕ್ಕೊಮ್ಮೆ ಬರುವವರಿಗೆ ತೀರಿಲ್ಲ. ಅವರ ಪೆಟ್ಟಿಗೆಯಲ್ಲಿ ತುಂಬಿರುವುದು ಆ ಸಂಶಯಗಳೇ. ಫಿನ್ಲೆಂಡಿನ ಮೀನುಗಾರ ಲೌರಿ ರಾಪಲಾ 1936ರಲ್ಲಿ ಬೆಂಡು ಕೆತ್ತಿ, ಅದಕ್ಕೆ ಚಾಕೊಲೇಟಿನ ಬೆಳ್ಳಿಕಾಗದ ಸುತ್ತಿ ತನ್ನ ಮೊದಲ ಲ್ಯೂರ್ ಮಾಡಿಕೊಂಡ. ಗಾಯಗೊಂಡು ಓಲಾಡುವ ಮರಿಯನ್ನೇ ದೊಡ್ಡ ಮೀನು ಮೊದಲು ಹಿಡಿಯುತ್ತದೆ ಎಂಬುದನ್ನು ಅವನು ನೋಡಿದ್ದ. ಅಂಗಡಿಯಲ್ಲಿ ಇವತ್ತು ಆ ಹೆಸರಿನಲ್ಲಿ ಮಾರಾಟವಾಗುವುದು ಆ ನೋಟದ ಫಲ. ನೋಟವಿಲ್ಲದೆ ಲ್ಯೂರ್ ಮಾತ್ರ ಕೊಂಡವರಿಗೆ ನನ್ನ ವಾದ ಅನ್ವಯಿಸುವುದಿಲ್ಲ, ಅವರ ಪರವಾಗಿ ಹೇಳಲು ನನ್ನಲ್ಲಿ ಏನೂ ಇಲ್ಲ.

ಹಿಂಸೆಯ ಆಕ್ಷೇಪ ಇಷ್ಟು ಸಲೀಸಾಗಿ ಕಳಚುವಂಥದ್ದಲ್ಲ. ಮೀನಿಗೆ ನೋವಾಗುವುದಿಲ್ಲ ಎಂದು ಗಾಳ ಹಾಕುವವರು ಬಹುಕಾಲ ಸಮಾಧಾನ ಮಾಡಿಕೊಂಡಿದ್ದರು. 2003ರಲ್ಲಿ ಲಿನ್ ಸ್ನೆಡನ್, ವಿಕ್ಟೋರಿಯಾ ಬ್ರೇತ್‌ವೇಟ್ ಮತ್ತು ಅವರ ಸಂಗಡಿಗರು ಟ್ರೌಟ್ ಮೀನಿನ ಮುಖದಲ್ಲಿ ನೋವಿನ ಸಂವೇದನೆಯ ನರಗಳಿರುವುದನ್ನು ತೋರಿಸಿದರು. ತುಟಿಗೆ ಆಮ್ಲ ಚುಚ್ಚಿದ ಮೀನುಗಳು ಊಟ ಬಿಟ್ಟವು, ತುಟಿಯನ್ನು ಜಲ್ಲಿಗೆ ಉಜ್ಜಿಕೊಂಡವು. ಮೀನಿನ ಮೆದುಳು ನೋವನ್ನು ನಮ್ಮಂತೆ ಅನುಭವಿಸಲು ತಕ್ಕದ್ದಲ್ಲ ಎಂದು ವಾದಿಸುವ ವಿಜ್ಞಾನಿಗಳೂ ಇದ್ದಾರೆ. ಸಂಶಯದ ಲಾಭವನ್ನು ಮೀನಿಗೇ ಕೊಡುವುದು ಸರಿ ಎಂಬುದು ನನ್ನ ನಿಲುವು. ಹಿಡಿದು ಬಿಟ್ಟುಬಿಟ್ಟರೆ ಪಾಪ ಪರಿಹಾರ ಎಂದುಕೊಳ್ಳುವವರು ಸ್ವಿಟ್ಜರ್ಲೆಂಡನ್ನು ನೋಡಬೇಕು: ಬಿಡುವ ಉದ್ದೇಶ ಇಟ್ಟುಕೊಂಡೇ ಮೀನು ಹಿಡಿಯುವುದು ಅಲ್ಲಿ ಕಾನೂನಿಗೆ ವಿರುದ್ಧ. ತಿನ್ನಲಲ್ಲದೆ ಆಟಕ್ಕೆ ನೋಯಿಸಬಾರದು ಎಂಬುದು ಅಲ್ಲಿನ ತರ್ಕ, ಮೀನು ತಿನ್ನುವ ನಮ್ಮ ಕರಾವಳಿಗೂ ಒಪ್ಪುವಂಥದ್ದೇ. ಸಾರಿಗೆ ಬೇಕಾದಷ್ಟು ಹಿಡಿದು ದಾರ ಸುತ್ತಿಕೊಳ್ಳುವುದು, ಮೀನನ್ನು ಬುಟ್ಟಿಯಲ್ಲಿ ಒದ್ದಾಡಲು ಬಿಡದೆ ತಕ್ಷಣ ಮುಗಿಸುವುದು, ಮರಿ ಸಿಕ್ಕರೆ ಒದ್ದೆ ಕೈಯಲ್ಲೇ ಹಿಡಿದು ಮೈಯ ಲೋಳೆ ಕೆಡದಂತೆ ನೀರಿಗೆ ಬಿಡುವುದು. ಇಲ್ಲಿಯೂ ಅಂಗಡಿಯ ಮಾತು ಬರುತ್ತದೆ. ಸರ್ಕಲ್ ಗಾಳ, ಅಡ್ಡಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ ಗಾಳ, ದಾರ ಕಡಿಯದಷ್ಟು ಬಲ, ಇವೆಲ್ಲ ಶನಿವಾರವೇ ಆಗಬೇಕಾದ ತೀರ್ಮಾನಗಳು. ಗಂಟಲಿಗೆ ಗಾಳ ಇಳಿಸಿಕೊಂಡ ಮೀನಿನ ಎದುರು ಭಾನುವಾರ ಮರುಗಿ ಫಲವಿಲ್ಲ.

ಇನ್ನು, ಹೊಟ್ಟೆಪಾಡಿನ ಮೀನುಗಾರರ ಪಾಲಿಗೆ ಹವ್ಯಾಸದವರು ಕೈ ಹಾಕುತ್ತಾರೆ ಎಂಬ ದೂರು. ವರ್ಷಕ್ಕೆ ಲಕ್ಷಗಟ್ಟಲೆ ಟನ್ ಮೀನು ಇಳಿಯುವ ಕರ್ನಾಟಕದ ಕರಾವಳಿಯಲ್ಲಿ ರಾಡ್ ಹಿಡಿದವರ ಪಾಲು ಗಣನೆಗೆ ಬರುವಷ್ಟಿಲ್ಲ. ಆದರೂ ಋಣ ಇದೆ. ದೋಣಿ ಬಾಡಿಗೆಗೆ ಹಿಡಿದು ಹೊರಟರೆ ಬಂಡೆ ಎಲ್ಲಿದೆ, ಗಾಳಿ ಯಾವಾಗ ತಿರುಗುತ್ತದೆ ಎಂದು ಹೇಳುವವರು ದೋಣಿ ನಡೆಸುವ ತಾಂಡೇಲರೇ, ಕಡಲು ಬಲ್ಲ ಮೊಗವೀರರೇ. ಅಮೆರಿಕದಲ್ಲಿ 1950ರ ಕಾಯ್ದೆಯೊಂದರ ಪ್ರಕಾರ ರಾಡು ರೀಲುಗಳ ಮೇಲೆ ಸುಂಕ ಎತ್ತಿ, ಆ ಹಣವನ್ನು ಮೀನಿನ ಸಂತತಿಯ ರಕ್ಷಣೆಗೇ ಹಂಚುತ್ತಾರೆ. ಅಂಥದ್ದು ಇಲ್ಲೂ ಬರಲಿ ಅನ್ನಲು ನನಗೆ ಸಂಕೋಚವಿಲ್ಲ, ಮೀನಿಗೆ ಹೋಗುವುದಾದರೆ ಒಂದು ರೀಲಿಗೆ ನೂರಿನ್ನೂರು ಹೆಚ್ಚು ಕೊಡಬಹುದು. ಗಾಳದ ಆಸೆಗೂ ಮೀನಿನ ಕಾಳಜಿಗೂ ನಮ್ಮಲ್ಲೇ ಹಳೆಯ ನಂಟಿದೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಕೆಲಸ ನೋಡಿಕೊಂಡಿದ್ದ ಎಚ್. ಎಸ್. ಥಾಮಸ್, ಜಿಲ್ಲೆಯ ಹೊಳೆಗಳಲ್ಲಿ ಮರಿಮೀನುಗಳು ನಾಶವಾಗುತ್ತಿರುವ ಬಗ್ಗೆ ವರದಿ ಬರೆದ. ಭಾರತದಲ್ಲಿ ಗಾಳ ಹಾಕುವುದರ ಬಗ್ಗೆ ಅವನು ಬರೆದ, ಮುಂದೆ ಬಲು ಹೆಸರಾದ ಪುಸ್ತಕ 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲೇ.

ಕೊನೆಗೆ ಕೆಲವು ಕಿವಿಮಾತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಇಲ್ಲಿ ನಿಷೇಧ. ದಂಡೆಯ ಮೇಲಿನ ರಾಡಿಗೆ ಆ ನಿಯಮ ತಾಗದಿದ್ದರೂ ಪಾಚಿಗಟ್ಟಿದ ಕಲ್ಲು, ಮಳೆಗಾಲದ ಅಲೆ ಎರಡೂ ಯಾರ ಮುಲಾಜನ್ನೂ ಇಟ್ಟುಕೊಳ್ಳುವುದಿಲ್ಲ. ನೂಲ ಹುಣ್ಣಿಮೆಯ ಸಮುದ್ರ ಪೂಜೆ ಮುಗಿಯುವ ತನಕ ಅಂಗಡಿಯಲ್ಲಿ ನಿಂತು ಮಾತಾಡುವುದೇ ಸುಖ. ಹೊಸದಾಗಿ ಶುರು ಮಾಡುವವರು ರಾಡಿಗೆ ಕಡಿಮೆ, ದಾರಕ್ಕೆ ಮತ್ತು ಗಾಳಕ್ಕೆ ಹೆಚ್ಚು ಖರ್ಚು ಮಾಡಿ. ಮೀನಿಗೆ ತಾಗುವುದು ಅವೆರಡೇ. ಮನೆಗೆ ಬಂದ ಕೂಡಲೇ ರೀಲನ್ನು ಸಿಹಿನೀರಿನಲ್ಲಿ ತೊಳೆಯಿರಿ, ಇಲ್ಲವಾದರೆ ಉಪ್ಪು ಅದನ್ನು ತಿಂದುಹಾಕುತ್ತದೆ. ಕಡಿದ ತಂಗೂಸಿನ ತುಂಡುಗಳನ್ನು ಮಾತ್ರ ಕಲ್ಲುಗಳ ನಡುವೆ ಬಿಟ್ಟು ಬರಬೇಡಿ. ಅದು ಕೊಳೆಯುವುದಿಲ್ಲ, ಹಕ್ಕಿಯ ಕಾಲಿಗೂ ಕಡಲಾಮೆಯ ಕುತ್ತಿಗೆಗೂ ಸುತ್ತಿಕೊಳ್ಳುತ್ತದೆ. ತುಂಡುಗಳನ್ನು ತುಂಬಿ ತರಲು ಮುಚ್ಚಳದ ಡಬ್ಬಿಯೊಂದು ಚೀಲದಲ್ಲಿರಲಿ, ಹಳೆಯ ಹಾರ್ಲಿಕ್ಸ್ ಬಾಟಲಿಯಾದರೂ ಆದೀತು.