ಗರಿ ಕಟ್ಟುವ ಕೈಗಳು

ಬಿಲ್ಲುಗಾರಿಕೆ ನೋಡಲು ಬರುವವರ ಕಣ್ಣು ಮೊದಲು ಬಿಲ್ಲಿನ ಮೇಲೆ, ಆಮೇಲೆ ಗುರಿಯ ಮೇಲೆ. ಬಾಣವನ್ನು ಕೈಗೆತ್ತಿಕೊಂಡರೂ ಬೆರಳು ಹೋಗುವುದು ಮೊನೆಯ ಕಡೆಗೇ. ಬಾಲದಲ್ಲಿರುವ ಮೂರು ಗರಿಗಳು ಚಂದಕ್ಕಾಗಿ ಇವೆ ಎಂದೇ ಹಲವರು ತಿಳಿದಿದ್ದಾರೆ. ನಿಜವೇನೆಂದರೆ, ಹೆದೆಯಿಂದ ಹೊರಟ ಬಾಣ ಮೊದಲ ಕ್ಷಣದಲ್ಲಿ ನೆಟ್ಟಗೆ ಹೋಗುವುದಿಲ್ಲ; ಮೀನಿನಂತೆ ಮೈ ಬಳುಕಿಸುತ್ತಾ ಹೊರಡುತ್ತದೆ. ಗರಿಗಳು ಗಾಳಿಯನ್ನು ಹಿಡಿದು ಬಾಲವನ್ನು ತುಸು ಹಿಂದಕ್ಕೆಳೆಯುತ್ತವೆ, ಬಾಣವನ್ನು ತಿರುಗಿಸುತ್ತವೆ. ಬಳುಕಾಟ ನಿಂತು ಬಾಣ ತನ್ನ ದಾರಿ ಹಿಡಿಯುವುದು ಆಗಲೇ. ಮೂರರಲ್ಲಿ ಒಂದು ಗರಿ ಕಿತ್ತುಹೋದರೆ ಎಷ್ಟು ಒಳ್ಳೆಯ ಕೈಯಿಂದ ಬಿಟ್ಟರೂ ಅದರ ಮೇಲೆ ಭರವಸೆ ಇಡುವಂತಿಲ್ಲ.

ನಾವು ಕೆಲವು ಗೆಳೆಯರು ಸೇರಿ ಭಾನುವಾರಗಳಂದು ಊರಿನ ಮಕ್ಕಳಿಗೆ ಬಿಲ್ಲು ಹಿಡಿಯಲು ಕಲಿಸುತ್ತೇವೆ. ನಮ್ಮದು ಸಾದಾ ಬಿಲ್ಲು, ಬೈಹುಲ್ಲು ಒತ್ತಿ ಕಟ್ಟಿದ ಗುರಿ. ಒಲಿಂಪಿಕ್ಸ್‌ನಲ್ಲಿ 70 ಮೀಟರ್ ದೂರಕ್ಕೆ ಹೊಡೆಯುವವರು ಪ್ಲಾಸ್ಟಿಕ್ಕಿನ ಪುಟ್ಟ ಎಸಳುಗಳನ್ನು ಬಳಸುತ್ತಾರೆ. ನಮ್ಮ ಬಿಲ್ಲಿನಲ್ಲಿ ಬಾಣ ಹಿಡಿಯ ಅಂಚಿಗೆ ಉಜ್ಜಿಕೊಂಡೇ ಹೋಗಬೇಕು. ಗಟ್ಟಿ ಪ್ಲಾಸ್ಟಿಕ್ ಅಲ್ಲಿ ತಾಗಿ ಬಾಣವನ್ನು ಪಕ್ಕಕ್ಕೆ ತಳ್ಳುತ್ತದೆ. ಹಕ್ಕಿಯ ಗರಿಯಾದರೆ ಮಡಿಚಿಕೊಂಡು ದಾಟಿ ಮತ್ತೆ ಎದ್ದು ನಿಲ್ಲುತ್ತದೆ. ಆದ್ದರಿಂದ ನಮಗೆ ಟರ್ಕಿ ಕೋಳಿಯ ರೆಕ್ಕೆಯ ಗರಿಯೇ ಬೇಕು. ಅದರ ಜೊತೆಗೆ ಅದರ ಆರೈಕೆಯೂ ಬಂತು.

ಈ ಆರೈಕೆಯನ್ನು ನಮಗೆ ಕಲಿಸಿದವರು ಗುಂಪಿನ ಹಿರಿಯರೊಬ್ಬರು. ವೃತ್ತಿಯಿಂದ ದರ್ಜಿ. ಮಕ್ಕಳಿಗೆಲ್ಲ ಅವರು 'ಟೈಲರ್ ಕಾಕ'. ಅವರ ಮುಂದೆ ಬಾಣ ಇಟ್ಟರೆ ಗರಿಯನ್ನು ನೋಡುವುದಕ್ಕೆ ಮೊದಲು ಕಡ್ಡಿಯನ್ನು ನೋಡುತ್ತಾರೆ. ಎರಡು ತುದಿ ಹಿಡಿದು, ತಿರುಗಿಸುತ್ತಾ, ಮೆಲ್ಲಗೆ ಬಾಗಿಸಿ ಕಿವಿಯ ಹತ್ತಿರ ತರುತ್ತಾರೆ. ಚಿಟಿಕೆಯಷ್ಟು ಸದ್ದು ಬಂದರೂ ಅದಕ್ಕೆ ಗರಿ ಕಟ್ಟುವ ಪ್ರಶ್ನೆಯಿಲ್ಲ, ಮುರಿದು ಬದಿಗಿಡುತ್ತಾರೆ. ಬಿರುಕು ಬಿಟ್ಟ ಕಾರ್ಬನ್ ಬಾಣ ಬಿಡುವಾಗಲೇ ಸಿಡಿದು ಕೈಗೆ ಚುಚ್ಚಬಹುದು. "ಗರಿಗೆ ಮದ್ದುಂಟು, ಕಡ್ಡಿಗೆ ಇಲ್ಲ" ಎನ್ನುತ್ತಾರೆ.

ಮಳೆಗಾಲದಲ್ಲಿ ಗರಿಗಳು ಒದ್ದೆಯಾಗಿ ಕಡ್ಡಿಗೆ ಅಂಟಿಕೊಳ್ಳುತ್ತವೆ. ಚೀಲದಲ್ಲಿ ಒತ್ತಿ ತುಂಬಿದರೆ ಸೊಟ್ಟಗಾಗುತ್ತವೆ. ಇವೆರಡಕ್ಕೂ ಮದ್ದು ಚಹಾದ ಕೆಟಲ್. ಮೂತಿಯಿಂದ ಬರುವ ಹಬೆಗೆ ಗರಿಯ ಭಾಗವನ್ನಷ್ಟೇ ಹಿಡಿದು ಹತ್ತು ಹದಿನೈದು ಸೆಕೆಂಡು ತಿರುಗಿಸಿದರೆ ಮಲಗಿದ ಎಳೆಗಳು ಎದ್ದು ನಿಲ್ಲುತ್ತವೆ. ಹೆಚ್ಚು ಹೊತ್ತು ಹಿಡಿದರೆ ಅಂಟು ಸಡಿಲವಾಗುತ್ತದೆ. ಎಳೆಗಳು ಬಿಟ್ಟುಕೊಂಡಿದ್ದರೆ ಹಬೆಯೂ ಬೇಡ. ಗರಿಯ ಎಳೆಗಳಲ್ಲಿ ಕಣ್ಣಿಗೆ ಕಾಣದ ಕೊಕ್ಕೆಗಳಿವೆ. ಬುಡದಿಂದ ಅಂಚಿಗೆ ಬೆರಳಾಡಿಸಿದರೆ ಅವು ತಾವಾಗಿ ಕೂಡಿಕೊಳ್ಳುತ್ತವೆ. ಹಕ್ಕಿ ಕೊಕ್ಕಿನಿಂದ ಮಾಡಿಕೊಳ್ಳುವ ಕೆಲಸವೂ ಅದೇ.

ಗರಿಯ ಮುಂತುದಿ ಕಡ್ಡಿಯಿಂದ ಮೇಲೆದ್ದರೆ ಮಾತ್ರ ಉದಾಸೀನ ಮಾಡುವಂತಿಲ್ಲ. ಬಾಣ ಕೈಮೇಲೆ ಹಾದುಹೋಗುವಾಗ ಆ ತುದಿ ಚರ್ಮವನ್ನು ಸೀಳುತ್ತದೆ. ಒಂದು ಹನಿ ಅಂಟು ಹಾಕಿ, ಅದರ ಮೇಲೆ ನೂಲನ್ನು ಒತ್ತೊತ್ತಾಗಿ ಸುತ್ತಿ, ಕೊನೆಯನ್ನು ಸುತ್ತಿನ ಒಳಗೇ ಎಳೆದು ಬಿಡಬೇಕು. ಕಾಕನ ಬೆರಳುಗಳಿಗೆ ಇದು ಕಾಜಾ ಹೊಲಿದಷ್ಟೇ ಸಲೀಸು.

ಗರಿ ಪೂರ್ತಿ ಹೋಗಿದ್ದರೆ ಹಳೆಯ ಅಂಟನ್ನು ಮೊಂಡು ಚಾಕುವಿನಿಂದ ಕೆರೆದು ಹೊಸದನ್ನು ಕೂರಿಸಬೇಕು. ಇಲ್ಲೊಂದು ನಿಯಮವಿದೆ: ಒಂದು ಬಾಣದ ಮೂರೂ ಗರಿಗಳು ಹಕ್ಕಿಯ ಒಂದೇ ಬದಿಯ ರೆಕ್ಕೆಯವಾಗಿರಬೇಕು. ಎಡರೆಕ್ಕೆಯ ಗರಿಯ ಬಾಗು ಒಂದು ಕಡೆಗೆ, ಬಲರೆಕ್ಕೆಯದ್ದು ಇನ್ನೊಂದು ಕಡೆಗೆ. ಎರಡನ್ನೂ ಬೆರೆಸಿದರೆ ಒಂದು ತಿರುಗಿಸಿದ್ದನ್ನು ಇನ್ನೊಂದು ತಡೆಯುತ್ತದೆ. ಉದ್ದ, ಎತ್ತರಗಳೂ ಸಮನಾಗಿರಬೇಕು. ಅರಬಿಯಲ್ಲಿ ಬಾಣದ ಗರಿಗೆ 'ಕುದ್ದ' ಎನ್ನುತ್ತಾರೆ. ಒಂದು ಇನ್ನೊಂದರ ಪಡಿಯಚ್ಚಿನಂತಿದೆ ಎನ್ನಬೇಕಾದಾಗ 'ಕುದ್ದಕ್ಕೆ ಕುದ್ದ ಹೊಂದಿದಂತೆ' ಎಂಬ ಅರ್ಥದ ನುಡಿಗಟ್ಟೇ ಆ ಭಾಷೆಯಲ್ಲಿದೆ. ಗರಿ ಕತ್ತರಿಸುವವರ ಕೈಕೆಲಸದಿಂದ ಹುಟ್ಟಿದ ಮಾತು ಅದು.

ಅದೇ ಭಾಷೆಯ ಇನ್ನೊಂದು ಪದ ನಮಗೆ ಇನ್ನೂ ಹತ್ತಿರದ್ದು. ಬಾಣಕ್ಕೆ ಗರಿ ಕಟ್ಟುವುದಕ್ಕೆ 'ರಾಶ' ಎಂಬ ಕ್ರಿಯಾಪದವಿದೆ. ಕೈಸೋತವನಿಗೆ ನೆರವಾಗಿ ಅವನ ಬದುಕನ್ನು ನೆಟ್ಟಗೆ ಮಾಡುವುದಕ್ಕೂ ಅದೇ ಪದ.

ಈ ಅರ್ಥ ನಮಗೆ ತಿಳಿದದ್ದು ನಿಘಂಟಿನಿಂದ, ಮನಸ್ಸಿಗೆ ಇಳಿದದ್ದು ಒಬ್ಬ ಹುಡುಗನಿಂದ. ಅವನ ತಾಯಿ ಬೀಡಿ ಕಟ್ಟಿ ಮನೆ ನಡೆಸುವವರು. ಅವನ ಬಳಿ ಇದ್ದದ್ದು ನಾಲ್ಕೇ ಬಾಣ. ಗುರಿಯೊಳಗೆ ಗರಿಯವರೆಗೂ ಹೊಕ್ಕ ಬಾಣವನ್ನು ಹಿಂದಕ್ಕೆ ಎಳೆಯಬಾರದು, ಮುಂದಕ್ಕೇ ನೂಕಿ ಆಚೆಯಿಂದ ತೆಗೆಯಬೇಕು. ಅದು ಗೊತ್ತಿಲ್ಲದೆ ಎಳೆದ ಅವನ ಮೂರು ಬಾಣಗಳ ಗರಿಗಳು ಸುಲಿದುಹೋದವು. ಮರುವಾರ ಅವನು ಬರಲಿಲ್ಲ, ಅದರ ಮರುವಾರವೂ ಇಲ್ಲ. ಹೊಸ ಬಾಣ ಕೇಳಿದರೆ ತಾಯಿ ಸಾಲ ಮಾಡುತ್ತಾರೆಂದು ಅವನಿಗೆ ಗೊತ್ತಿತ್ತು. ಕಾಕ ಹೇಳಿಕಳಿಸಿದರು: "ಆ ಬಾಣಗಳನ್ನು ಬಿಸಾಡಬೇಡ, ತೆಗೆದುಕೊಂಡು ಬಾ."

ಬಂದ ಹುಡುಗ, "ಕಾಕ, ಇದು ಇನ್ನು ಆಗುವುದಿಲ್ಲ ಅಲ್ವಾ?" ಎಂದ. ಕಾಕ ಉತ್ತರ ಕೊಡದೆ ಅವನ ಕೈಗೇ ಚಾಕು ಕೊಟ್ಟರು. ಹೊಸ ಬಾಣ ಕೊಡಿಸುವುದು ನಮಗೆ ಕಷ್ಟವಿರಲಿಲ್ಲ. ಕೊಡಿಸಿದ್ದರೆ ಅವನು ಪಡೆದವನಾಗಿ ಉಳಿಯುತ್ತಿದ್ದ. ಅಂದು ಸಂಜೆಯೊಳಗೆ ಮೂರು ಬಾಣಗಳಿಗೂ ಅವನೇ ಗರಿ ಕಟ್ಟಿದ. ಮೊದಲನೆಯದು ಒರಟಾಗಿತ್ತು, ಮೂರನೆಯದು ಪರವಾಗಿಲ್ಲ.

ಅಬೂದಾವೂದ್, ತಿರ್ಮಿದಿ ಸಂಗ್ರಹಗಳಲ್ಲಿ ಒಂದು ಹದೀಸ್ ಇದೆ. ಒಂದೇ ಬಾಣದ ನಿಮಿತ್ತ ಮೂವರಿಗೆ ಸ್ವರ್ಗವಿದೆ ಎಂಬುದು ಅದರ ಸಾರ: ಒಳಿತನ್ನು ಬಯಸಿ ಅದನ್ನು ತಯಾರಿಸಿದವ, ಅದನ್ನು ಬಿಟ್ಟವ, ಅದನ್ನು ಎತ್ತಿಕೊಟ್ಟವ. ಉಹುದ್‌ನ ದಿನ ಪ್ರವಾದಿ(ಸ)ರವರೇ ತಮ್ಮ ಬತ್ತಳಿಕೆಯಿಂದ ಸಅದ್ ಬಿನ್ ಅಬೀವಕ್ಕಾಸ್(ರ)ರಿಗೆ ಬಾಣಗಳನ್ನು ತೆಗೆದುಕೊಟ್ಟರೆಂದು ಬುಖಾರಿಯಲ್ಲಿದೆ. ಅಂದು ಬಾಣ ಆಯುಧವಾಗಿತ್ತು, ಇಂದು ಅದು ಆಟ. ಆದರೂ ಕೀರ್ತಿಯೆಲ್ಲ ಗುರಿ ಹೊಡೆದವನಿಗೇ ಸೇರುವ ಲೋಕದಲ್ಲಿ, ತಯಾರಿಸಿದ ಕೈಯನ್ನೂ ಎತ್ತಿಕೊಟ್ಟ ಕೈಯನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿದ ಆ ಮಾತು ನಮಗೆ ದೊಡ್ಡದಾಗಿ ಕಾಣುತ್ತದೆ. ಕೆಟ್ಟದ್ದನ್ನು ಸರಿಪಡಿಸುವವನೂ ತಯಾರಿಸುವವನ ಪಕ್ಕದಲ್ಲೇ ಕೂತವನಲ್ಲವೇ?

ಇಸ್ತಾಂಬುಲಿನ ಓಕ್‌ಮೈದಾನ್‌ನಲ್ಲಿ ಉಸ್ಮಾನಿ ಬಿಲ್ಲುಗಾರರ ದಾಖಲೆಯ ಕಲ್ಲುಗಳು ಇಂದಿಗೂ ಇವೆ. ಬಾಣ ಎಷ್ಟು ದೂರ ಹೋಗಿ ಬಿತ್ತೆಂಬುದಕ್ಕೆ ಅವು ಸಾಕ್ಷಿ. ಆ ಬಾಣಗಳಿಗೆ ಗರಿ ಕಟ್ಟಿದವರಿಗೆ ಕಲ್ಲಿಲ್ಲ. 2019ರಲ್ಲಿ ಯುನೆಸ್ಕೊ ತುರ್ಕಿಯ ಸಾಂಪ್ರದಾಯಿಕ ಬಿಲ್ಲುಗಾರಿಕೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದಾಗ, ಬಿಲ್ಲು ಬಾಣ ತಯಾರಿಸುವ ಕುಶಲಕಲೆಯೂ ಅದರೊಂದಿಗೆ ಸೇರಿತು. ಅಷ್ಟರಮಟ್ಟಿಗೆ ಆ ಕೈಗಳಿಗೂ ಮನ್ನಣೆ ಸಿಕ್ಕಂತಾಯಿತು.

ನಮ್ಮ ಊರಿನ ಆ ಹುಡುಗ ಈಗಲೂ ಬರುತ್ತಾನೆ. ಗುರಿ ಅಷ್ಟಕ್ಕಷ್ಟೇ. ಆದರೆ ಕಾಕನ ಡಬ್ಬಿ ಈಗ ಅವನ ವಶದಲ್ಲಿದೆ: ನೂಲು, ಅಂಟು, ಎಡರೆಕ್ಕೆ ಬಲರೆಕ್ಕೆಯೆಂದು ಬೇರೆ ಬೇರೆ ಕಟ್ಟಿಟ್ಟ ಗರಿಗಳು, ಹುಳು ಹಿಡಿಯದಂತೆ ನಾಲ್ಕು ನುಸಿಗುಳಿಗೆ. ಚಿಕ್ಕ ಮಕ್ಕಳು ಗರಿ ಕಿತ್ತ ಬಾಣ ತಂದು ಮುಖ ಸಣ್ಣದು ಮಾಡಿಕೊಂಡು ನಿಂತರೆ, ಅವನು ಮೊದಲು ಕಡ್ಡಿಯನ್ನು ಬಾಗಿಸಿ ಕಿವಿಗೊಡುತ್ತಾನೆ.